ಕಾಲು ಉಳುಕಿದರೆ ಏನು ಮಾಡಬೇಕು? ಮೊದಲ ದಿನದಿಂದ ಎಂಟನೇ ವಾರದವರೆಗೆ

"ಮೇಡಂ, ಎಷ್ಟು ದಿನ ರೆಸ್ಟ್ ಬೇಕು?" ಕಾಲು ಉಳುಕಿಸಿಕೊಂಡು ಬಂದವರು ಮೊದಲು ಕೇಳುವುದು ಇದನ್ನೇ. ಇದೇ ಕಾಲು ಮುಂದಿನ ವರ್ಷ ಮತ್ತೆ ಉಳುಕದ ಹಾಗೆ ಏನು ಮಾಡಬೇಕು ಎಂದು ಕೇಳುವವರು ಅಪರೂಪ. ಆದರೆ ಕಳೆದ ಹದಿನೈದು ಇಪ್ಪತ್ತು ವರ್ಷಗಳ ಸಂಶೋಧನೆಯಲ್ಲಿ ಒಳ್ಳೆಯ ಉತ್ತರ ಸಿಕ್ಕಿರುವುದು ಈ ಎರಡನೇ ಪ್ರಶ್ನೆಗೇ.

ನಾನು ಫಿಸಿಯೋಥೆರಪಿಸ್ಟ್, ಸಾಗರದ ಕಡೆಯವಳು. ಮಳೆಗಾಲ ಬಂತೆಂದರೆ ನಮ್ಮಲ್ಲಿ ಉಳುಕಿನ ಸೀಸನ್. ಅಂಗಳದ ಪಾಚಿ, ತೋಟಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು, ಸವೆದ ಹವಾಯಿ ಚಪ್ಪಲಿ. ಮಳೆ ಮುಗಿದರೆ ವಾಲಿಬಾಲ್ ಟೂರ್ನಮೆಂಟು. ನೆಟ್ ಹತ್ತಿರ ಹಾರಿ ಇಳಿಯುವಾಗ ಎದುರಿನವನ ಪಾದದ ಮೇಲೆ ಕಾಲಿಟ್ಟರೆ ಮುಗೀತು. ಪಾದ ಒಳಗಡೆಗೆ ಮಗುಚುತ್ತದೆ, ಹೊರಗಡೆಯ ಗಿಣ್ಣಿನ ಮುಂದೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟು, ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಹತ್ತು ನಿಮಿಷದಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಊತ. ಮರುದಿನ ಹಿಮ್ಮಡಿಯ ಪಕ್ಕ ನೀಲಿ ಬಣ್ಣ. ನೋಡಿದವರಿಗೆ ಗಾಬರಿಯಾಗುತ್ತದೆ. ಆದರೆ ಬಣ್ಣ ನೋಡಿ ಮೂಳೆ ಮುರಿದಿದೆಯೋ ಇಲ್ಲವೋ ಹೇಳೋಕಾಗಲ್ಲ.

ಮೊದಲು ಮೂಳೆ ನೋಡಿ

ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಕೆನಡಾದ ಒಟಾವಾದಲ್ಲಿ ಇಯಾನ್ ಸ್ಟೀಲ್ ಎಂಬ ತುರ್ತು ಚಿಕಿತ್ಸೆಯ ವೈದ್ಯರು ಮತ್ತು ಅವರ ಜೊತೆಗಾರರು 1992ರಲ್ಲಿ ಇದನ್ನು ಪ್ರಕಟಿಸಿದರು. ಉಳುಕಿದ ಪ್ರತಿಯೊಬ್ಬರಿಗೂ ಸುಮ್ನೆ ಎಕ್ಸ್‌ರೇ ತೆಗೆಯುವುದನ್ನು ಕಡಿಮೆ ಮಾಡುವುದೇ ಅವರ ಉದ್ದೇಶವಾಗಿತ್ತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 27 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2003ರ ಒಂದು ವರದಿಯ ಪ್ರಕಾರ, ಈ ಪರೀಕ್ಷೆ 'ಮುರಿದಿಲ್ಲ' ಎಂದು ಹೇಳಿದವರಲ್ಲಿ ನಿಜವಾಗಿ ಮೂಳೆ ಮುರಿದಿದ್ದವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ.

ಮಾಡುವುದು ಹೀಗೆ. ಕಾಲು ಚಾಚಿ ಕೂತುಕೊಳ್ಳಿ. ಹೊರಗಿನ ಗಿಣ್ಣಿನ ಹಿಂಬದಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಗಿಣ್ಣಿನ ತುದಿಯಿಂದ ಶುರುಮಾಡಿ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತುತ್ತಾ ಹೋಗಿ. ಒಳಗಿನ ಗಿಣ್ಣಿಗೂ ಹಾಗೆಯೇ. ಆಮೇಲೆ ಪಾದದ ಹೊರ ಅಂಚಿನ ಮಧ್ಯದಲ್ಲಿ ಕೈಗೆ ಉಬ್ಬಿದಂತೆ ಸಿಗುವ ಮೂಳೆ, ಕಿರುಬೆರಳಿನ ಉದ್ದ ಮೂಳೆಯ ಬುಡ ಅದು. ಕೊನೆಗೆ ಪಾದದ ಒಳಬದಿಯಲ್ಲಿ, ಗಿಣ್ಣಿಗೆ ಸ್ವಲ್ಪ ಮುಂದೆ ಇರುವ ಉಬ್ಬು. ಈ ನಾಲ್ಕರಲ್ಲಿ ಎಲ್ಲೇ ಆಗಲಿ, ಮೂಳೆಯ ಮೇಲೆಯೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಬಿದ್ದ ತಕ್ಷಣವೂ ನಾಲ್ಕು ಹೆಜ್ಜೆ ಇಡೋಕೆ ಆಗಲಿಲ್ಲ, ಈಗಲೂ ಆಗುತ್ತಿಲ್ಲ ಎಂದರೂ ಎಕ್ಸ್‌ರೇ ಬೇಕು. ಕುಂಟುತ್ತಾ ಇಟ್ಟರೂ ಹೆಜ್ಜೆ ಹೆಜ್ಜೆಯೇ.

ಗಿಣ್ಣಿನ ಮುಂಭಾಗದ ಮೆತ್ತನೆಯ ಜಾಗ ಒತ್ತಿ "ಅಯ್ಯೋ ಇಲ್ಲೇ ನೋವು" ಅನ್ನುತ್ತಾರೆ ಬಹಳ ಜನ. ಅದು ಲಿಗಮೆಂಟಿನ ಜಾಗ, ನೋವು ಇರಲೇಬೇಕು. ನೀವು ನೋಡಬೇಕಾದದ್ದು ಗಟ್ಟಿ ಮೂಳೆಯ ಹಿಂದಿನ ಅಂಚನ್ನು.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಈ ಪರೀಕ್ಷೆ ನಂಬುವ ಹಾಗಿಲ್ಲ. ಅವರಿಗೆ ನೋವೇ ಗೊತ್ತಾಗುವುದಿಲ್ಲ. ಕುಡಿದವರಿಗೂ ಅಷ್ಟೇ. ಚಿಕ್ಕ ಮಕ್ಕಳನ್ನೂ ವೈದ್ಯರಿಗೇ ತೋರಿಸಿ. ಪಾದ ತಣ್ಣಗಾಗಿದ್ದರೆ, ಗಂಟು ಸೊಟ್ಟಗೆ ಕಾಣುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಮೊದಲ ಎರಡು ಮೂರು ದಿನ

ಮೂಳೆಗೆ ಏನೂ ಆಗಿಲ್ಲ ಅಂತಿಟ್ಟುಕೊಳ್ಳೋಣ. ಈಗ ಮನೆಯಲ್ಲಿ ಸಲಹೆಗಳ ಮಳೆ. ದೊಡ್ಡಮ್ಮ ಬಿಸಿ ಎಣ್ಣೆ ತರುತ್ತಾರೆ. ಪಕ್ಕದ ಮನೆಯವರಿಗೆ ಉಳುಕು ತೆಗೆಯುವವರು ಗೊತ್ತಿರುತ್ತಾರೆ. ಪೇಟೆಗೆ ಹೋದರೆ ಪುತ್ತೂರು ಕಟ್ಟಿನ ಬೋರ್ಡು ಕಾಣುತ್ತದೆ. ಅವರ ಪ್ರೀತಿ ದೊಡ್ಡದು, ಆದರೆ ಹರಿದ ಲಿಗಮೆಂಟನ್ನು ಮೊದಲ ದಿನಗಳಲ್ಲಿ ಬಲವಾಗಿ ನೀವಿದರೆ, ಎಳೆದರೆ ಊತ ಜಾಸ್ತಿಯಾಗುತ್ತದೆ. ವಾರಗಟ್ಟಲೆ ಅಲ್ಲಾಡದ ಹಾಗೆ ಬಿಗಿದು ಕಟ್ಟಿದರೆ ಗಂಟು ಗಟ್ಟಿಯಾಗುತ್ತದೆ, ಮೀನಖಂಡ ಸೊರಗುತ್ತದೆ. ಎರಡೂ ಬೇಡ.

ಹಾಗಾದರೆ ಐಸ್? 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ 'ರೈಸ್' ಎಂಬ ಸೂತ್ರ ಕೊಟ್ಟರು: ರೆಸ್ಟ್, ಐಸ್, ಕಂಪ್ರೆಷನ್ (ಒತ್ತಿ ಸುತ್ತುವುದು), ಎಲಿವೇಷನ್ (ಕಾಲು ಎತ್ತರದಲ್ಲಿಡುವುದು). ನಮ್ಮ ಪಿಟಿ ಮೇಷ್ಟ್ರುಗಳಿಗೂ ಇದು ಬಾಯಿಪಾಠ. ಅದೇ ಮಿರ್ಕಿನ್ 2014ರ ಹೊತ್ತಿಗೆ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ತಾವೇ ಬರೆದರು. 2019ರಲ್ಲಿ ಕೆನಡಾದ ಬ್ಲೇಸ್ ಡುಬೊವಾ ಮತ್ತು ಜಾನ್-ಫ್ರಾಂಸ್ವಾ ಎಸ್ಕೂಲಿಯೇ 'ಪೀಸ್ ಆಂಡ್ ಲವ್' ಎಂಬ ಹೊಸ ಸೂತ್ರ ಮುಂದಿಟ್ಟರು. ಅದರಲ್ಲಿ ಐಸ್ ಇಲ್ಲವೇ ಇಲ್ಲ. ಮೊದಲ ದಿನಗಳಲ್ಲಿ ಊತ ಇಳಿಸುವ ಮಾತ್ರೆಗಳನ್ನೂ ತಪ್ಪಿಸಿ ಎನ್ನುತ್ತದೆ. ಬೇಗ ಭಾರ ಹಾಕಿ, ವ್ಯಾಯಾಮ ಮಾಡಿ, ಧೈರ್ಯವಾಗಿರಿ ಎನ್ನುತ್ತದೆ. ಇದು ಇಬ್ಬರು ಅನುಭವಸ್ಥರು ಸಾಕ್ಷ್ಯ ನೋಡಿ ಬರೆದ ಸಲಹೆ. ನೂರಾರು ರೋಗಿಗಳ ಮೇಲೆ ಇಡಿಯಾಗಿ ಪರೀಕ್ಷಿಸಿದ ಚಿಕಿತ್ಸೆ ಅಲ್ಲ. ವಾಟ್ಸಾಪಿನಲ್ಲಿ ಓಡಾಡುವ ಚಿತ್ರಗಳಲ್ಲಿ ಮಾತ್ರ ಇದು ವೇದವಾಕ್ಯದ ಹಾಗೆ ಕಾಣುತ್ತದೆ.

ನಾನು ಹೇಳುವುದು ಇಷ್ಟು. ನೋವು ತಡೆಯೋಕಾಗದಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಅದು ನೋವು ಮರೆಸುತ್ತದೆ, ವಾಸಿ ಮಾಡುವುದಿಲ್ಲ. ಪಾದ ಮರಗಟ್ಟಿದವರು ಅದನ್ನೂ ಇಡಬಾರದು. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತಿ. ಬೆರಳುಗಳು ನೀಲಿಯಾದರೆ, ಜುಮ್ಮೆಂದರೆ ಬಿಚ್ಚಿ ಸಡಿಲವಾಗಿ ಸುತ್ತಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು. ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ. ಮೆಡಿಕಲ್ ಶಾಪಿನಲ್ಲಿ "ನೋವಿನ ಮಾತ್ರೆ ಕೊಡಿ" ಎಂದು ವಾರಗಟ್ಟಲೆ ನುಂಗಬೇಡಿ, ಅದರಲ್ಲೂ ಬಿಪಿ, ಕಿಡ್ನಿ, ಗ್ಯಾಸ್ಟ್ರಿಕ್ ತೊಂದರೆ ಇದ್ದವರು.

ಮತ್ತೆ, ಹಾಸಿಗೆ ಹಿಡಿಯಬೇಡಿ.

ಅ ಆ ಇ ಈ

ಮೊದಲ ವಾರದಲ್ಲೇ ಕಾಲು ಆಡಿಸಲು ಶುರು ಮಾಡಬಹುದೇ? ಉತ್ತರ ಐರ್ಲೆಂಡಿನಲ್ಲಿ ಕ್ರಿಸ್ ಬ್ಲೀಕ್ಲಿ ಮತ್ತು ಜೊತೆಗಾರರು ಮಾಡಿದ, 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಹೌದು ಎನ್ನುತ್ತದೆ. ಹೊಸದಾಗಿ ಉಳುಕಿದ 101 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ವಾರ ಮಾಮೂಲಿ ಆರೈಕೆ, ಇನ್ನೊಂದಕ್ಕೆ ಅದರ ಜೊತೆಗೆ ಮೊದಲ ವಾರದಿಂದಲೇ ವ್ಯಾಯಾಮ. ವ್ಯಾಯಾಮದವರ ಕಾಲು ಮೊದಲೆರಡು ವಾರಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ದಿನಕ್ಕೆ ಸರಾಸರಿ 7886 ಹೆಜ್ಜೆ ನಡೆದರು, ಇನ್ನೊಂದು ಗುಂಪಿನವರು 5621. ನೋವಾಗಲಿ ಊತವಾಗಲಿ ಅವರಿಗೇನೂ ಜಾಸ್ತಿಯಾಗಲಿಲ್ಲ.

ಶುರು ಮಾಡುವುದು ಸುಲಭ. ಕುರ್ಚಿ ಮೇಲೆ ಕೂತು, ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ವರ್ಣಮಾಲೆ ಬರೆಯಿರಿ. ಅ ದಿಂದ ಶುರುಮಾಡಿ. ನಮ್ಮ ಅಕ್ಷರಗಳೆಲ್ಲ ದುಂಡಗಿರುವುದರಿಂದ ಗಂಟು ಎಲ್ಲಾ ದಿಕ್ಕಿಗೂ ತಿರುಗುತ್ತದೆ. 'ಋ' ಬರೆಯುವಾಗ ಎಲ್ಲರೂ ಮುಖ ಕಿವಿಚುತ್ತಾರೆ. ಮೊಣಕಾಲು ಆಡಿಸಿ ಮೋಸ ಮಾಡುವ ಹಾಗಿಲ್ಲ, ಪಾದ ಮಾತ್ರ ಬರೆಯಬೇಕು. ದಿನಕ್ಕೆ ಮೂರು ನಾಲ್ಕು ಸಲ ಮಾಡಿ.

ನಡೆಯುವಾಗ ಕೋಲು ಬೇಕಿದ್ದರೆ ಅದನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ. ಹಿಮ್ಮಡಿ ಮೊದಲು ಊರಿ, ಆಮೇಲೆ ಬೆರಳು. ಹೆಜ್ಜೆ ಚಿಕ್ಕದಿರಲಿ, ಪಾದ ಮಾತ್ರ ಹೊರಗೆ ತಿರುಗಿಸಬೇಡಿ. ಹಾಗೆ ತಿರುಗಿಸಿ ಕುಂಟುವುದು ಅಭ್ಯಾಸವಾದರೆ ಬಿಡಿಸುವುದು ಬಲು ಕಷ್ಟ.

ನೋವು ಎಷ್ಟಿದ್ದರೆ ಪರವಾಗಿಲ್ಲ? ಹತ್ತರಲ್ಲಿ ಎರಡು ಮೂರರಷ್ಟು ಇರಲಿ, ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಊತ ಮತ್ತು ನೋವು ನಿನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಅರ್ಧಕ್ಕೆ ಇಳಿಸಿ.

ಒಂದು ವಾರ ಹತ್ತು ದಿನ ಕಳೆದ ಮೇಲೆ ಗೋಡೆಯ ಪರೀಕ್ಷೆ. ಗೋಡೆ ಎದುರು ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿತಾ? ಪಾದ ಸ್ವಲ್ಪ ಹಿಂದೆ ಸರಿಸಿ ಮತ್ತೆ ಮುಟ್ಟಿಸಿ. ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರ ಬರುತ್ತದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ಒಳ್ಳೆಯ ಕಾಲಿಗೂ ಅಳೆಯಿರಿ. ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಗಂಟು ಇನ್ನೂ ಬಿಗಿಯಾಗಿದೆ ಅಂತ ಅರ್ಥ. ಇದೇ ಪರೀಕ್ಷೆಯನ್ನು ದಿನಾ ಹತ್ತು ಹದಿನೈದು ಸಲ ಮಾಡಿದರೆ ಅದೇ ವ್ಯಾಯಾಮವೂ ಆಗುತ್ತದೆ. ಜೊತೆಗೆ ತುದಿಗಾಲಿನಲ್ಲಿ ಏಳುವುದು, ಮೊದಲು ಎರಡು ಕಾಲಲ್ಲಿ, ಆಮೇಲೆ ಒಂದರಲ್ಲಿ. ಹಳೇ ಸೈಕಲ್ ಟ್ಯೂಬಿನ ತುಂಡೊಂದನ್ನು ಮೇಜಿನ ಕಾಲಿಗೆ ಕಟ್ಟಿ, ಪಾದವನ್ನು ಹೊರಗಡೆಗೆ ಎಳೆಯಿರಿ. ಮಗುಚುವ ಪಾದವನ್ನು ಹಿಡಿದು ನಿಲ್ಲಿಸುವುದು ಹೊರಬದಿಯ ಆ ಸ್ನಾಯುಗಳೇ.

ಎಲ್ಲರೂ ಬಿಟ್ಟುಬಿಡುವ ಭಾಗ

ಮೂರನೇ ವಾರದ ಹೊತ್ತಿಗೆ ಬಹುತೇಕರಿಗೆ ನೋವು ಇಳಿದಿರುತ್ತದೆ. ಫೋನ್ ಮಾಡಿದರೆ "ಈಗ ಸರಿ ಹೋಯ್ತು ಮೇಡಂ" ಅನ್ನುತ್ತಾರೆ. ನನಗೆ ಜಗಳ ಶುರುವಾಗುವುದು ಇಲ್ಲೇ.

ಲಿಗಮೆಂಟು ಬರೀ ಹಗ್ಗ ಅಲ್ಲ. ಗಂಟು ಎಷ್ಟು ವಾಲಿದೆ ಎಂದು ಮೆದುಳಿಗೆ ಸುದ್ದಿ ಕೊಡುವ ನರಗಳ ತುದಿಗಳು ಅದರೊಳಗಿವೆ. ಲಿಗಮೆಂಟು ಹರಿದಾಗ ಆ ಸುದ್ದಿಯೂ ಕೆಡುತ್ತದೆ. ನೋವು ಹೋದರೂ ಅದು ತಾನಾಗಿ ಸರಿಹೋಗುತ್ತದೆ ಅಂತಿಲ್ಲ. ಡಬ್ಲಿನ್‌ನಲ್ಲಿ ಮೊದಲ ಸಲ ಕಾಲು ಉಳುಕಿದ 82 ಜನರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2016ರಲ್ಲಿ ಬಂತು. ವರ್ಷದ ಕೊನೆಗೆ 40 ಶೇಕಡಾ ಜನರಿಗೆ ಗಂಟು ಇನ್ನೂ ಅಸ್ಥಿರವಾಗಿತ್ತು. ಸುಮ್ನೆ ನಡೆಯುತ್ತಿದ್ದಾಗಲೂ ಮಗುಚುವುದು, ಆ ಕಾಲಿನ ಮೇಲೆ ನಂಬಿಕೆಯೇ ಬಾರದಿರುವುದು, ಇಂಥದ್ದು.

ಇದಕ್ಕೆ ಔಷಧಿ ಸಮತೋಲನದ ಅಭ್ಯಾಸ. ನೆದರ್ಲೆಂಡ್ಸ್‌ನಲ್ಲಿ 522 ಆಟಗಾರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಬಹಳ ಇಷ್ಟ, ಏಕೆಂದರೆ ಅವರು ಮಾಡಿದ್ದು ಮನೆಯಲ್ಲೇ, ಯಾರ ಉಸ್ತುವಾರಿಯೂ ಇಲ್ಲದೆ. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ಹೆಚ್ಚೆಂದರೆ ಅರ್ಧ ಗಂಟೆ, ಎಂಟು ವಾರ. ಒಂದು ವರ್ಷದಲ್ಲಿ ಮತ್ತೆ ಉಳುಕಿಸಿಕೊಂಡವರು ಈ ಗುಂಪಿನಲ್ಲಿ 22 ಶೇಕಡಾ, ಅಭ್ಯಾಸ ಮಾಡದವರಲ್ಲಿ 33.

ಹಲ್ಲುಜ್ಜುವಾಗ ಶುರು ಮಾಡಿ. ಬರಿಗಾಲಲ್ಲಿ, ಉಳುಕಿದ ಕಾಲಿನ ಮೇಲೆ ಮಾತ್ರ ನಿಂತು, ಮೊಣಕಾಲನ್ನು ಸ್ವಲ್ಪ ಮಡಿಚಿ. ಕೆಳಗೆ ಬಗ್ಗಿ ಪಾದ ನೋಡಿದರೆ ಮೇಲಿನ ನರಗಳ ಹಾಗೆ ಕಾಣುವ ಸ್ನಾಯುರಜ್ಜುಗಳು ಪಟಪಟ ಎದ್ದು ಬಿದ್ದು ಮಾಡುತ್ತಿರುತ್ತವೆ. ಒಮ್ಮೆ ಹೆಬ್ಬೆರಳಿನ ಬುಡ ಒತ್ತುತ್ತದೆ, ಒಮ್ಮೆ ಕಿರುಬೆರಳಿನ ಕಡೆ. ಅಷ್ಟೂ ಹೊತ್ತು ಆ ಗಂಟು ಪಾಠ ಕಲಿಯುತ್ತಿದೆ. ಒಂದು ನಿಮಿಷ ಆರಾಮಾಗಿ ನಿಲ್ಲಲು ಬಂದರೆ ಕಣ್ಣು ಮುಚ್ಚಿ. ಮೂರೇ ಸೆಕೆಂಡಿಗೆ ವಾಲುತ್ತೀರಿ, ನಗು ಬರುತ್ತದೆ. ವಯಸ್ಸಾದವರು ಮಾತ್ರ ಅಡುಗೆಮನೆ ಕಟ್ಟೆ ಹಿಡಿದುಕೊಂಡೇ ಮಾಡಬೇಕು, ಕಣ್ಣು ಮುಚ್ಚುವುದು ಬೇಡ.

ಅದೂ ಸುಲಭವಾದರೆ ಮಡಿಚಿದ ಕಂಬಳಿ ಮೇಲೆ ನಿಲ್ಲಿ. ಮನೆಯಲ್ಲಿ ಮಕ್ಕಳಿದ್ದರೆ ಚೆಂಡು ಎಸೆಯಲು ಹೇಳಿ, ಒಂದೇ ಕಾಲಲ್ಲಿ ನಿಂತು ಹಿಡಿಯಿರಿ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆಯಿರಿ, ಒಂದು ಮುಂದಕ್ಕೆ, ಎರಡು ಓರೆಯಾಗಿ ಹಿಂದಕ್ಕೆ. ಒಂದು ಕಾಲಲ್ಲಿ ನಿಂತು ಇನ್ನೊಂದರ ತುದಿಯನ್ನು ಪ್ರತಿ ಗೆರೆಯ ಮೇಲೂ ಆದಷ್ಟು ದೂರ ಚಾಚಿ ವಾಪಸ್ ತನ್ನಿ. ಎರಡೂ ಕಾಲಿನ ದೂರಕ್ಕೆ ಗುರುತು ಹಾಕಿಟ್ಟರೆ ಪ್ರಗತಿ ಕಣ್ಣಿಗೇ ಕಾಣುತ್ತದೆ. ಕೊನೆಯ ವಾರಗಳಲ್ಲಿ ಜಿಗಿತ. ಚಿಕ್ಕದಾಗಿ ಮುಂದಕ್ಕೆ, ಪಕ್ಕಕ್ಕೆ, ಇಳಿದಾಗ ಸದ್ದಾಗದ ಹಾಗೆ.

ಆಟಕ್ಕೆ ವಾಪಸ್

ಇದಕ್ಕೆ ತಾರೀಖು ನೋಡಬೇಡಿ, ಕಾಲು ನೋಡಿ. ಒಂದೇ ಕಾಲಲ್ಲಿ ಹಾರಿ ಇಳಿದು ಅಲ್ಲಾಡದೆ ನಿಲ್ಲೋಕೆ ಬರುತ್ತದಾ? ಗೋಡೆ ಪರೀಕ್ಷೆಯಲ್ಲಿ ಎರಡೂ ಕಾಲು ಹತ್ತಿರ ಹತ್ತಿರ ಇವೆಯಾ? ಓಡುತ್ತಾ ತಟ್ಟನೆ ದಿಕ್ಕು ಬದಲಿಸಿದರೆ ಭಯ ಆಗುತ್ತದಾ? ಭಯ ಆಗುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇವತ್ತು ತಜ್ಞರು ಸೂಚಿಸುವ ಪರೀಕ್ಷೆಗಳಲ್ಲಿ ಆಟಗಾರನ ಸ್ವಂತ ನಂಬಿಕೆಗೂ ಜಾಗ ಇದೆ. "ಫೈನಲ್ ಇದೆ, ಒಂದು ಮ್ಯಾಚ್ ಅಷ್ಟೇ" ಅಂತ ಕ್ಯಾಪ್ಟನ್ ಫೋನ್ ಮಾಡುವುದಕ್ಕೆ ಮಾತ್ರ ಜಾಗ ಇಲ್ಲ.

ಬ್ರೇಸ್, ಅಂದರೆ ಗಂಟಿಗೆ ಆಧಾರ ಕೊಡುವ ಪಟ್ಟಿ, ಹಾಕಿದರೆ ಕಾಲು ದುರ್ಬಲವಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ನೆದರ್ಲೆಂಡ್ಸ್‌ನದೇ 2014ರ ಇನ್ನೊಂದು ಅಧ್ಯಯನ ನೋಡಿ. ಎಂಟು ವಾರ ಅಭ್ಯಾಸ ಮಾತ್ರ ಮಾಡಿದವರಲ್ಲಿ 27 ಶೇಕಡಾ ಜನರಿಗೆ ಮತ್ತೆ ಉಳುಕಿತು. ಒಂದು ವರ್ಷ ಆಡುವಾಗಲೆಲ್ಲ ಬ್ರೇಸ್ ಹಾಕಿದವರಲ್ಲಿ 15. ನಾನು ಎರಡನ್ನೂ ಹೇಳುತ್ತೇನೆ. ಬ್ರೇಸ್ ಅಂಕಣದಲ್ಲಿ ಮಾತ್ರ ಇರುತ್ತದೆ, ತೋಟದ ಮೆಟ್ಟಿಲು ಇಳಿಯುವಾಗ ನಿಮ್ಮ ಕಾಲೇ ನಿಮಗೆ. ಬ್ರೇಸ್ ಕೊಳ್ಳುವಾಗ ಕಾಲುಚೀಲದ ಹಾಗೆ ಮೆತ್ತಗೆ ಎಳೆದುಕೊಳ್ಳುವುದು ಬೇಡ. ಲೇಸ್ ಕಟ್ಟುವಂಥದ್ದು ಅಥವಾ ಪಕ್ಕದಲ್ಲಿ ಗಟ್ಟಿ ಪಟ್ಟಿ ಇರುವಂಥದ್ದು ತಗೊಳ್ಳಿ. ಆಡುವ ಶೂ ತೆಗೆದುಕೊಂಡೇ ಅಂಗಡಿಗೆ ಹೋಗಿ, ಅದರೊಳಗೆ ಹಿಡಿಸುತ್ತದಾ ನೋಡಿ.

ವರ್ಷಗಳ ಹಿಂದೆ ಉಳುಕಿ ಈಗಲೂ ಆಗಾಗ ಮಗುಚುವ ಕಾಲಿದ್ದವರೂ ಈ ಎಂಟು ವಾರಗಳನ್ನು ಇವತ್ತೇ ಶುರು ಮಾಡಬಹುದು. ಆದರೆ ಆರೇಳು ವಾರ ಸರಿಯಾಗಿ ಮಾಡಿದ ಮೇಲೂ ಗಂಟಿನ ಒಳಗೆ ಆಳದಲ್ಲಿ ನೋವಿದ್ದರೆ, ಏನೋ ಸಿಕ್ಕಿಹಾಕಿಕೊಂಡಂತಾಗುತ್ತಿದ್ದರೆ, ಅಥವಾ ನೋವು ಗಿಣ್ಣಿಗಿಂತ ಮೇಲೆ ಎರಡು ಮೂಳೆಗಳ ನಡುವೆ ಇದ್ದರೆ ಮೂಳೆ ತಜ್ಞರನ್ನು ನೋಡಿ. ಕೀಲಿನ ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಅಥವಾ ಮೇಲಿನ ಲಿಗಮೆಂಟು ಹರಿದಿರಬಹುದು. ಅದಕ್ಕೆ ಎಂಆರ್‌ಐ ಬೇಕಾಗಬಹುದು. ಮೀನಖಂಡವೇ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಅಷ್ಟು ವಾರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣವಾಗಿರಬಹುದು.