ಫ್ಯೂಸ್ ಬದಲಿಸಿ ಸುಮ್ಮನಾಗಬೇಡಿ

ಸಣ್ಣ ವರ್ಕ್‌ಶಾಪ್ ನಡೆಸುವ ಗೆಳೆಯರೇ, ಯಂತ್ರ ಕೆಟ್ಟು ನಿಂತಾಗ ‘ಏಕೆ?’ ಎಂದು ಐದು ಸಲ ಕೇಳಿ. ಜಪಾನಿನ ಕಾರು ಕಂಪನಿ ಟೊಯೊಟಾದ ಎಂಜಿನಿಯರ್ ತಾಯಿಚಿ ಓನೊ ಕೊಟ್ಟ ಉದಾಹರಣೆ ನೋಡಿ. ಯಂತ್ರ ನಿಂತದ್ದೇಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಅದೇಕೆ? ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಪಂಪಿಗೇನಾಗಿತ್ತು? ಶಾಫ್ಟ್ ಸವೆದಿತ್ತು. ಸವೆದದ್ದೇಕೆ? ಎಣ್ಣೆ ಸೋಸುವ ಜಾಲರಿ ಇಲ್ಲದೆ ಲೋಹದ ಚೂರು ಒಳಹೊಕ್ಕಿತ್ತು. ಬರೀ ಫ್ಯೂಸ್ ಬದಲಿಸಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗತಿ.

ಉತ್ತರಗಳನ್ನು ಕಚೇರಿಯಲ್ಲಿ ಕುಳಿತು ಊಹಿಸಬೇಡಿ. ಯಂತ್ರದ ಬಳಿಯೇ, ಅದನ್ನು ನಡೆಸುವವರ ಜೊತೆ ನಿಂತು ಕಣ್ಣಾರೆ ನೋಡಿ. ‘ಆಪರೇಟರ್‌ನ ಅಜಾಗರೂಕತೆ’ ಎಂಬಲ್ಲಿಗೆ ಉತ್ತರ ನಿಂತರೆ ಹುಡುಕಾಟ ಇನ್ನೂ ಮುಗಿದಿಲ್ಲ, ದಯವಿಟ್ಟು ಅಲ್ಲಿಗೇ ಕೈಬಿಡಬೇಡಿ. ಜಾಲರಿ ಹಾಕಿದ ಮೇಲೂ ತಿಂಗಳೊಪ್ಪತ್ತು ಎಣ್ಣೆಯನ್ನು ಪರೀಕ್ಷಿಸುತ್ತಿರಿ. ಫಲ ಕಂಡರೆ ಜಾಲರಿ ತೊಳೆಯುವ ಕೆಲಸವನ್ನು ನಿರ್ವಹಣೆಯ ಪಟ್ಟಿಗೆ ಸೇರಿಸಿ.