ಬಿ ಕೋಶ ಯಾಕೆ ಬೆಳಗಿತು?

ನನ್ನ ಪಿಎಚ್‌ಡಿಯ ಎರಡನೇ ವರ್ಷ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ಟಿ ಕೋಶದ ರಿಸೆಪ್ಟರ್‌ಗೆ ಕರೆ ಬಂದ ಕೂಡಲೇ ಒಳಗಿನ ಜ್ಯಾಪ್-70 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ. ರಕ್ತದಿಂದ ತೆಗೆದ ಕೋಶಗಳಲ್ಲಿ ಅದನ್ನು ಫ್ಲೋ ಸೈಟೋಮೀಟರ್‌ನಿಂದ, ಅಂದರೆ ಒಂದೊಂದೇ ಕೋಶದ ಮೇಲೆ ಲೇಸರ್ ಬಿಟ್ಟು ಬಣ್ಣದ ಹೊಳಪು ಅಳೆಯುವ ಯಂತ್ರದಿಂದ, ನೋಡುವುದು ನನ್ನ ಕೆಲಸ. ಅದಕ್ಕೆ ಬೇಕಾದ, ಗುರಿಯ ಪ್ರೋಟೀನನ್ನು ಹುಡುಕಿ ಅಂಟುವ ಆಂಟಿಬಾಡಿ ಆರಿಸುವುದು ಏನು ಮಹಾ ಅಂದುಕೊಂಡಿದ್ದೆ. ಸೀನಿಯರ್ ಒಬ್ಬರು ಬಿಟ್ಟುಹೋದದ್ದು ಫ್ರೀಜರಿನಲ್ಲಿತ್ತು. ಕೋಶ ಒಡೆದು ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟಿನಲ್ಲಿ ಚೆಂದದ ಬ್ಯಾಂಡ್ ಕೊಡುತ್ತಿತ್ತು. ಅದನ್ನೇ ಹಾಕಿದೆ. ಏನೂ ಕಾಣಲಿಲ್ಲ.

ಬ್ಲಾಟಿನಲ್ಲಿ ಪ್ರೋಟೀನು ಕುದ್ದು, ಬಿಚ್ಚಿಕೊಂಡಿರುತ್ತದೆ. ಫ್ಲೋಗೆ ಬೇಕಾದ ಕೋಶವನ್ನು ನಾವು ಫಾರ್ಮಾಲ್ಡಿಹೈಡ್ ಹಾಕಿ ಇದ್ದ ಹಾಗೇ ಹಿಡಿದಿಡುತ್ತೇವೆ. ಆಂಟಿಬಾಡಿ ಹುಡುಕುವ ಜಾಗ ಮಡಿಕೆಯೊಳಗೆ ಸೇರಿಕೊಂಡಿರಬಹುದು. ಹಾಗಾಗಿ ಫ್ಲೋದಲ್ಲೇ ಪರೀಕ್ಷಿಸಿದ, ಜ್ಯಾಪ್-70ಯ ಟೈರೋಸಿನ್ 319ರ (ಸರಪಳಿಯ 319ನೇ ಅಮೈನೋ ಆಮ್ಲ) ಮೇಲಿನ ಫಾಸ್ಫೇಟ್ ಗುರುತಿಸುವ ಆಂಟಿಬಾಡಿ ಕ್ಲೋನ್ ತರಿಸಿದೆವು. ಬಣ್ಣ ಅಲೆಕ್ಸಾ 647. ಆಂಟಿಬಾಡಿ ಒಳಹೋಗಲೆಂದು ಕೋಶದ ಪೊರೆ ತೆರೆಯಲು ಐಸ್ ಮೇಲಿಟ್ಟು ಮೆಥನಾಲ್ ಹಾಕಿದ ಮೇಲೂ ಈ ಬಣ್ಣ ಉಳಿಯುತ್ತದೆ. ಅದಕ್ಕೂ ಮೊದಲೇ ಪಿಇ ಬಣ್ಣದಲ್ಲಿ ಮಾಡಿದ್ದ, ಟಿ ಕೋಶದ ಗುರುತಾದ ಸಿಡಿ3ರ ಸ್ಟೇನ್ ಮಾತ್ರ ಮಾಯ! ಪಿಇ ಅನ್ನುವುದೇ ಒಂದು ಪ್ರೋಟೀನು. ಮೆಥನಾಲ್ ಅದನ್ನೂ ಕೆಡಿಸುತ್ತದೆ ಅಂತ ಒಂದು ದಿನದ ರಕ್ತ ಹಾಳಾದ ಮೇಲೆ ಗೊತ್ತಾಯಿತು.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಪಾಸಿಟಿವ್ ಕಂಟ್ರೋಲ್ ಇರಲಿ ಅಂತ ಒಂದು ಟ್ಯೂಬಿಗೆ ಪರ್‌ವೆನಡೇಟ್ ಹಾಕಿದ್ದೆ. ಅದು ಫಾಸ್ಫೇಟ್ ಕೀಳುವ ಎಂಜೈಮುಗಳನ್ನು ತಡೆಯುತ್ತದೆ, ಆ ಪ್ರೋಟೀನು ಇರುವ ಕೋಶಗಳಲ್ಲೆಲ್ಲ ಸಿಗ್ನಲ್ ಏರುತ್ತದೆ. ಟಿ ಕೋಶ ಬೆಳಗಿತು. ಖುಷಿಯಾಯಿತು. ಸಿಡಿ20 ಗುರುತು ಇರುವ, ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಬಿ ಕೋಶಗಳೂ ಬೆಳಗಿದವು! ಆರೋಗ್ಯವಂತರ ಬಿ ಕೋಶದಲ್ಲಿ ಜ್ಯಾಪ್-70 ಹೆಚ್ಚೂಕಡಿಮೆ ಇರುವುದೇ ಇಲ್ಲ, ಅಲ್ವಾ?

ಗೈಡ್ ಮೇಡಂ ಗ್ರಾಫ್ ನೋಡಿ ನಕ್ಕರು. "ಡೇಟಾ ಶೀಟ್ ಓದಿದೆಯೇನೋ?" ಓದಿದ್ದೆ, ಆಂಟಿಬಾಡಿಯ ಹೆಸರಿನ ಮೊದಲರ್ಧ ಮಾತ್ರ. ಪಕ್ಕದಲ್ಲೇ ಸಿಕ್ ಟೈರೋಸಿನ್ 352 ಅಂತಲೂ ಬರೆದಿತ್ತು. ಜ್ಯಾಪ್-70 ಮತ್ತು ಸಿಕ್ ಒಂದೇ ಮನೆತನದವು, ಆ ಟೈರೋಸಿನ್ ಸುತ್ತಲಿನ ಸಾಲು ಎರಡರಲ್ಲೂ ತುಂಬಾ ಹೋಲುತ್ತದೆ. ಬಿ ಕೋಶದಲ್ಲಿರುವುದು ಸಿಕ್, ಆಂಟಿಬಾಡಿಗೆ ಇಬ್ಬರೂ ಒಂದೇ.

ಬೇರೆ ಆಂಟಿಬಾಡಿ ಹುಡುಕಲಿಲ್ಲ. ಮಾಗಿದ ಟಿ ಕೋಶಗಳಲ್ಲಿ ಸಿಕ್ ತೀರಾ ಕಡಿಮೆ. ಸಿಡಿ3 ಗೇಟಿನೊಳಗೆ, ಅಂದರೆ ಸಿಡಿ3 ಇರುವ ಕೋಶಗಳನ್ನು ಮಾತ್ರ ಆರಿಸಿ, ಓದಿದರೆ ಸಿಗ್ನಲ್ ಜ್ಯಾಪ್-70ಯದೇ ಅನ್ನಬಹುದು. ಇನ್ನೂ ಖಾತ್ರಿಗೆ, ಜ್ಯಾಪ್-70ಗೆ ಫಾಸ್ಫೇಟ್ ಅಂಟಿಸುವ ಎಲ್‌ಸಿಕೆ ಎಂಬ ಎಂಜೈಮನ್ನು ತಡೆಯುವ ಪಿಪಿ2 ಹಾಕಿದ ಟ್ಯೂಬ್ ಪಕ್ಕದಲ್ಲಿಟ್ಟೆ. ಸಿಡಿ3 ಕ್ರಾಸ್‌ಲಿಂಕ್ ಮಾಡಿ (ಆಂಟಿಬಾಡಿಯಿಂದ ಒಟ್ಟಿಗೆ ಹೆಣೆದು) ಟಿ ಕೋಶವನ್ನು ಕೆರಳಿಸಿದರೂ ಅದರಲ್ಲಿ ಗ್ರಾಫ್ ಜಾಗ ಬಿಟ್ಟು ಕದಲಲಿಲ್ಲ. ಗುರಿಯಿಲ್ಲದ ಆಂಟಿಬಾಡಿ ಹಾಕುವ ಐಸೋಟೈಪ್ ಕಂಟ್ರೋಲಿಗಿಂತ ಈ ಟ್ಯೂಬ್ ಮತ್ತು ಏನೂ ಹಾಕದ ಟ್ಯೂಬ್ ಮೇಲೆ ನನಗೆ ನಂಬಿಕೆ ಜಾಸ್ತಿ. ಇನ್ನೊಂದು, ಸಮಯ. ಸಿಗ್ನಲ್ ಒಂದೆರಡು ನಿಮಿಷದಲ್ಲೇ ತುದಿ ಮುಟ್ಟಿ ಇಳಿಯುತ್ತದೆ. ಫಾರ್ಮಾಲ್ಡಿಹೈಡ್ ತುಂಬಿದ ಪಿಪೆಟ್ ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದೆ.

ಎನ್‌ಕೆ ಎಂಬ ಮತ್ತೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಜ್ಯಾಪ್-70, ಸಿಕ್ ಎರಡೂ ಇವೆ. ಅಲ್ಲಿ ಬೆಳಗಿದ್ದು ಯಾವುದು ಅಂತ ಈ ಆಂಟಿಬಾಡಿ ಹೇಳಲಾರದು. ಎಷ್ಟೇ ಆಸೆಯಿದ್ದರೂ ಆ ಗ್ರಾಫನ್ನು ಥೀಸಿಸ್‌ಗೆ ಸೇರಿಸಲಿಲ್ಲ.