ಫೋಟೋದ ಮೂಲೆಯಲ್ಲಿ ಸಿಕ್ಕ ನಮ್ಮ ಓಣಿ

ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆ ಇದ್ದ ಜಾಗ ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮುಳುಗಡೆಯಾದವರಿಗೆ ಕಟ್ಟಿದ ನವನಗರಕ್ಕೆ ಬರುವಾಗ ತಂದ ಟ್ರಂಕಿನಲ್ಲಿ ಕಪ್ಪು ಹಾಳೆಯ ಮೂರು ಆಲ್ಬಮ್ ಇದ್ದವು. ಹೋದ ವರ್ಷ ಅವನ್ನು ಸ್ಕ್ಯಾನ್ ಮಾಡಲು ಕೂತೆ.

ಮೊದಲ ದಿನವೇ ಎಡವಟ್ಟು. ಅಂಟಿದ ಫೋಟೋ ಕೀಳಲು ಹೋಗಿ ಅಜ್ಜನ ಮೊಣಕೈ ಹಾಳೆಯಲ್ಲೇ ಉಳಿಯಿತು. ಆಮೇಲೆ ಕೀಳುವುದನ್ನೇ ಬಿಟ್ಟೆ, ಹಾಳೆ ಸಮೇತ ಗಾಜಿನ ಮೇಲೆ ಬೋರಲು ಹಾಕಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಗುಣಮಟ್ಟ ಕಳೆಯದ ಟಿಫ್ ಫೈಲ್ ಆಗಿ ಇಟ್ಟೆ. ಬಿಡಿ ಫೋಟೋ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಸೀಲು ಅಲ್ಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ಮೂಲ ಅಂತ ನಂಬಬೇಡಿ, ಅದು ಸಾಮಾನ್ಯವಾಗಿ ಗಾತ್ರ ಕುಗ್ಗಿಸಿದ ಪ್ರತಿ.

ಆದರೆ ಇದಕ್ಕಿಂತ ದೊಡ್ಡ ತಪ್ಪು ಬೇರೆ ಮಾಡುತ್ತಿದ್ದೆ. ಚೆಂದ ಕಾಣಲಿ ಅಂತ ಮುಖಗಳನ್ನಷ್ಟೇ ಉಳಿಸಿ ಸುತ್ತಲಿನದನ್ನೆಲ್ಲ ಕ್ರಾಪ್ ಮಾಡುತ್ತಿದ್ದೆ. ಒಂದು ಹೋಳಿ ಫೋಟೋ ಇತ್ತು. ಬಣ್ಣದ ಬಂಡಿ, ಮೇಲೆ ಬ್ಯಾರಲ್, ಗುರುತೇ ಸಿಗದಷ್ಟು ಬಣ್ಣ ಮೆತ್ತಿಕೊಂಡ ಹುಡುಗರು. ದೊಡ್ಡವ್ವ ಹುಡುಗರ ಕಡೆ ನೋಡಲೇ ಇಲ್ಲ, ಎಡಗಡೆ ಅಂಚಿನಲ್ಲಿದ್ದ ಅರ್ಧ ಬಾಗಿಲ ಮೇಲೆ ಬೆರಳಿಟ್ಟಳು.

"ತಮ್ಮಾ, ಇದು ನಮ್ಮ ಕಟ್ಟಿ ಅಲ್ಲೇನೋ?"

ಅಲ್ಲಿಂದ ಶುರುವಾಯಿತು ನೋಡಿ. ಪಕ್ಕದ ಮನೆ, ಅದರಾಚೆ ಹಿಟ್ಟಿನ ಗಿರಣಿ, ನಳದ ಹತ್ತಿರದ ಜಗಳ, ಒಂದು ತಾಸು ಓಣಿಯೆಲ್ಲ ತಿರುಗಾಡಿಸಿಬಿಟ್ಟಳು. ನಾನು ಕತ್ತರಿಸಲು ಹೊರಟಿದ್ದೇ ಆ ಅಂಚನ್ನು! ಓಣಿಯದೇ ಒಂದು ಫೋಟೋ ಮೂರೂ ಆಲ್ಬಮ್ಮಿನಲ್ಲಿ ಇಲ್ಲ. 36 ಫೋಟೋದ ರೀಲನ್ನು ಓಣಿಗೆ ಯಾರು ಹಾಳು ಮಾಡುತ್ತಾರೆ? ಮಂದಿಯ ಬೆನ್ನ ಹಿಂದೆ ಸುಮ್ನೆ ಸಿಕ್ಕಿಕೊಂಡಿದೆ, ಅಷ್ಟೇ.

ಬ್ರಿಟಿಷರ ಕಾಲದಲ್ಲಿ ಸರಕಾರ ತೆಗೆಸಿದ ಫೋಟೋಗಳದ್ದು ಉಲ್ಟಾ ಕಥೆ. 1855ರಲ್ಲಿ ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಫೋಟೋ ತೆಗೆದ. 1866ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕಗಳಾಗಿ ಬಂದವು. ಅಲ್ಲಿ ಬೇಕಾಗಿದ್ದದ್ದು ಕಲ್ಲು. ಅಂಥ ಸರ್ವೆ ಫೋಟೋಗಳಲ್ಲಿ ಮನುಷ್ಯ ನಿಂತಿದ್ದರೆ ಅದು ಹೆಚ್ಚಾಗಿ ಕಂಬದ ಎತ್ತರ ತಿಳಿಯಲಿ ಅಂತ, ಅವನ ಹೆಸರಂತೂ ಸಾಮಾನ್ಯವಾಗಿ ಇರುವುದಿಲ್ಲ. ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ಸಂಸಾರ ಮಾಡಿಕೊಂಡಿದ್ದವನಿಂದ, ಆದರೆ ಅವನ ಸಂಸಾರ ನಮಗೆ ಗೊತ್ತಾ?

ಈಗ ಕ್ರಾಪ್ ಬಂದ್. ಪ್ರತಿ ಫೋಟೋಕ್ಕೆ ನಂಬರು, ಅದೇ ನಂಬರಿನಲ್ಲಿ ದೊಡ್ಡವ್ವನ ಮಾತಿನ ರೆಕಾರ್ಡಿಂಗ್. ಆ ಬಾಗಿಲು ಹಸಿರು ಅಂತ ದೊಡ್ಡವ್ವ, ನೀಲಿ ಅಂತ ಅಪ್ಪ. ಫೋಟೋ ಕಪ್ಪು ಬಿಳುಪು. ಎರಡನ್ನೂ ಬರೆದಿಟ್ಟಿದ್ದೇನೆ.